ದಿವಾರ್ ದ್ವೀಪಕ್ಕೆ ಹಳೆಯ ಫೋಟೊಗಳ ಗಂಟು

ದೀಪಾವಳಿ ಮುಗಿದು ತುಳಸಿ ಲಗ್ನ ಬರುವ ತನಕ ಬೆಳಗಾವಿಯ ಫೋಟೊಗ್ರಾಫರ್‌ಗಳಿಗೆ ಹತ್ತು ಹನ್ನೆರಡು ದಿನ ಬಿಡುವು. ತುಳಸಿ ಲಗ್ನ ಆಯಿತೆಂದರೆ ಮದುವೆಗಳು ಶುರು. ಆಮೇಲೆ ಮೇ ಮುಗಿಯುವ ತನಕ ಕ್ಯಾಮೆರಾ ಕೊರಳಿನಿಂದ ಇಳಿಯುವುದಿಲ್ಲ. ಈ ಬಿಡುವಿನಲ್ಲಿ ಗೆಳೆಯರು ಒಂದೊಂದು ವರ್ಷ ಒಂದೊಂದು ಕಡೆ ಹೋಗುತ್ತಾರೆ. ನಾನು ಮಾತ್ರ ದಿವಾರ್‌ಗೆ ಹೋಗುತ್ತೇನೆ. ಮೂವತ್ತು ವರ್ಷ ದಾಟಿತು. ಬೇರೆ ಕಡೆ ಹೋಗಬೇಕು ಅಂತ ಅನಿಸಿಯೇ ಇಲ್ಲ.

ದಿವಾರ್ ಗೋವಾದಲ್ಲಿ ಮಾಂಡವಿ ನದಿಯ ನಡುವಿನ ದ್ವೀಪ. ಊರವರ ಬಾಯಲ್ಲಿ ದಿವಾಡಿ. ಹಳೇ ಗೋವಾದ ದೊಡ್ಡ ಚರ್ಚುಗಳ ಎದುರಿಗೇ ಇದೆ. ಆದರೆ ಚರ್ಚು ನೋಡಲು ಬಸ್ಸಿನಲ್ಲಿ ಬರುವ ಜನ ಹೆಚ್ಚಾಗಿ ಆ ದಂಡೆಯಿಂದಲೇ ತಿರುಗಿ ಹೋಗುತ್ತಾರೆ. ಸೇತುವೆ ಇಲ್ಲ, ಫೆರಿಯಲ್ಲೇ ದಾಟಬೇಕು. ಬೀಚೂ ಇಲ್ಲ. ಇರುವುದು ಗದ್ದೆ, ಒಡ್ಡು, ನೀರಂಚಿನ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಗುಡ್ಡದ ಮೇಲೊಂದು ಬಿಳಿ ಚರ್ಚು.

ಮೊದಲ ಸಲ ಹೋಗಿದ್ದು 1994ರ ಡಿಸೆಂಬರ್‌ನಲ್ಲಿ. ನನಗಾಗ ಇಪ್ಪತ್ತು. ಶಹಾಪುರದ ಒಂದು ಸ್ಟುಡಿಯೋದಲ್ಲಿ ಕೆಲಸ ಕಲಿಯುತ್ತಿದ್ದೆ. ಸಂತ ಫ್ರಾನ್ಸಿಸ್ ಜೇವಿಯರ್ ಅವರ ಪಾರ್ಥಿವ ಶರೀರವನ್ನು ಹಳೇ ಗೋವಾದಲ್ಲಿ ಹತ್ತು ವರ್ಷಕ್ಕೊಮ್ಮೆ ದರ್ಶನಕ್ಕೆ ಇಡುತ್ತಾರೆ. ಆ ವರ್ಷ ದರ್ಶನ ಇತ್ತು. ಬೆಳಗಾವಿ ಕ್ಯಾಂಪಿನ ಒಂದು ಕುಟುಂಬ ಫೋಟೊಕ್ಕೆಂದು ನಮ್ಮ ಮಾಸ್ತರರನ್ನು ಜೊತೆಗೆ ಕರೆದುಕೊಂಡು ಹೋಯಿತು. ಬ್ಯಾಗ್ ಹೊತ್ತು ಹಿಂದೆ ನಾನು. ಅಲ್ಲಿ ಜನವೋ ಜನ. ಮಧ್ಯಾಹ್ನದ ಹೊತ್ತಿಗೆ ಮಾಸ್ತರರಿಗೆ ಸಾಕಾಯಿತು. "ಬಾರೋ ತಮ್ಮಾ, ಆ ಕಡೆ ದಾಟಿ ಒಂದಿಷ್ಟು ಗಾಳಿ ಕುಡದ ಬರೂಣು" ಅಂದರು.

ಫೆರಿ ಆಚೆ ದಂಡೆ ಮುಟ್ಟಿತು. ಮುಂದಿನ ಕಬ್ಬಿಣದ ಹಲಗೆ ಸರಪಳಿ ಸದ್ದು ಮಾಡುತ್ತಾ ಕೆಳಗೆ ಇಳಿಯಿತು. ಅದರಾಚೆ ಒಬ್ಬ ಹೆಂಗಸು, ಒಂದು ಸೈಕಲ್ಲು, ಒಂದು ನಾಯಿ. ಹಿಂದೆ ತೆಂಗಿನ ಸಾಲು. ಪರದೆ ಸರಿದ ಹಾಗೆ ಆಯಿತು ನನಗೆ. ಮಾಸ್ತರರು ಅದನ್ನು ಗಮನಿಸಿದರೇನೋ, ತಮ್ಮ ನಿಕಾನ್ ಎಫ್‌ಎಂ2 ತೆಗೆದು ನನ್ನ ಕೈಗಿಟ್ಟರು. "ತಗಿ. ಇದು ನಿಂದ." ಗಿರಾಕಿಗಲ್ಲದೆ ನನಗೆ ಅಂತ ನಾನು ತೆಗೆದ ಮೊದಲ ಫೋಟೊ ಅದು. ಅಂದಿನಿಂದ ಪ್ರತಿ ಸಲ ದಿವಾರ್‌ನಲ್ಲಿ ನನ್ನ ಮೊದಲ ಫೋಟೊ ಅದೇ: ಹಲಗೆ ಇಳಿಯುವುದು, 50 ಎಂಎಂ ಲೆನ್ಸಿನಲ್ಲಿ, ಫೆರಿಯ ನಟ್ಟನಡುವೆ ನಿಂತು.

ಹೊರಡುವ ಮುಂಚೆ

ಈ ಸಲ ಒಂದು ಕೆಲಸ ಇಟ್ಟುಕೊಂಡು ಹೊರಟೆ.

ನನ್ನ ದಿವಾರ್ ನೆಗೆಟಿವ್‌ಗಳೆಲ್ಲಾ ಎರಡು ಬಿಸ್ಕೀಟ್ ಡಬ್ಬಿಗಳಲ್ಲಿವೆ. ಬೆಳಗಾವಿಯ ಮಳೆಗಾಲ ನಿಮಗೆ ಗೊತ್ತಲ್ವಾ, ಗೋಡೆಯೂ ಬೆವರುತ್ತದೆ. ಜೋಪಾನ ಮಾಡದಿದ್ದರೆ ಫಿಲ್ಮಿನ ಮೇಲೆ ಫಂಗಸ್ಸು ಜೇಡರ ಬಲೆಯ ಹಾಗೆ ಹಬ್ಬುತ್ತದೆ. ಅದಕ್ಕೆ ಡಬ್ಬಿಯೊಳಗೆ ಸಿಲಿಕಾ ಜೆಲ್ ಇಡುತ್ತೇನೆ. ನೀಲಿ ಹರಳುಗಳು ತೇವ ಹೀರಿ ಹೀರಿ ಗುಲಾಬಿ ಆಗುತ್ತವೆ. ಆಗ ಇದಕ್ಕೆಂದೇ ಬೇರೆ ಇಟ್ಟಿರುವ ಹಳೆ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಬಿಸಿ ಮಾಡಬೇಕು. ನೋಡನೋಡುತ್ತಿದ್ದಂತೆ ಅಂಚಿನಿಂದ ಒಂದೊಂದೇ ಹರಳು ಮತ್ತೆ ನೀಲಿಗೆ ತಿರುಗುತ್ತದೆ. ಜುಲೈನಲ್ಲಿ ವಾರಕ್ಕೊಮ್ಮೆ ಈ ಕೆಲಸ ತಪ್ಪಿಸುವುದಿಲ್ಲ.

ಬೇಸಿಗೆ ರಜೆಯಲ್ಲಿ ಮಗಳು ಆ ನೆಗೆಟಿವ್‌ಗಳನ್ನೆಲ್ಲಾ ಸ್ಕ್ಯಾನ್ ಮಾಡಿಕೊಟ್ಟಳು. ಕಂಪ್ಯೂಟರಿನಲ್ಲಿ ಒಂದೊಂದೇ ಮುಖ ದೊಡ್ಡದಾಗಿ ಬರುತ್ತಿತ್ತು. ಭತ್ತ ಕೊಯ್ಯುವವರು, ಬ್ರೆಡ್ ಮಾರುವವನು, ಬಲೆ ಹೊಲಿಯುವ ಅಜ್ಜ. ಅವಳು ಕೇಳಿದಳು: "ಅಪ್ಪಾ, ಇವರಿಗೆ ಯಾರಿಗರೆ ಒಂದು ಫೋಟೊ ಕೊಟ್ಟೀಯೇನು?"

ಕೊಟ್ಟಿರಲಿಲ್ಲ. ಮದುವೆ ಮನೆಯವರಿಗೆ ಆಲ್ಬಮ್ ಎರಡು ದಿನ ತಡವಾದರೆ ನಿದ್ದೆ ಬಾರದ ನಾನು, ಇಷ್ಟು ವರ್ಷ ಇವರ ಮುಖಗಳನ್ನು ಡಬ್ಬಿಯಲ್ಲಿ ಇಟ್ಟುಕೊಂಡು ಕೂತಿದ್ದೆ. ಅವತ್ತು ರಾತ್ರಿ ಊಟ ಸೇರಲಿಲ್ಲ. 1994ರಿಂದ 2008ರವರೆಗಿನ ಫಿಲ್ಮ್ ಫೋಟೊಗಳಿಂದ ನಲವತ್ತು ಆರಿಸಿ, 8×12 ಅಳತೆಯಲ್ಲಿ ಪ್ರಿಂಟ್ ಹಾಕಿದೆ. ಹಳೆ ಬಟ್ಟೆಯಲ್ಲಿ ಗಂಟು ಕಟ್ಟಿದೆ. ಮಗಳೂ ಬರುತ್ತೇನೆ ಅಂದಳು.

ಮೊದಲ ದಿನ

ಬೆಳಿಗ್ಗೆ ಆರಕ್ಕೆ ಬೆಳಗಾವಿ ಬಿಟ್ಟೆವು. ಮನೆಯವರು ಬುತ್ತಿ ಕಟ್ಟಿದ್ದರು: ಕಟಕ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ, ಮೊಸರು. ದಿವಾರ್‌ನಲ್ಲಿ ನಾನು ಉಳಿಯುವ ಮನೆಯ ಆಂಟಿಗೆ ಅಂತ ಅರ್ಧ ಕಿಲೊ ಕುಂದಾ. ಅದಿಲ್ಲದೆ ನಾನು ಆ ಮನೆಯ ಮೆಟ್ಟಿಲು ಹತ್ತಿದ್ದಿಲ್ಲ.

ಚೋರ್ಲಾ ಘಾಟಿನ ದಾರಿ ನನಗೆ ಪ್ರವಾಸದ ಅರ್ಧ ಭಾಗ. ಕುಸಮಳಿ ಹತ್ತಿರ ಮಲಪ್ರಭೆಯನ್ನು ದಾಟುತ್ತೀರಿ. ಜಾಂಬೋಟಿ ಬಿಟ್ಟ ಮೇಲೆ ಎರಡೂ ಬದಿಗೆ ಕಾಡು. ಕಣಕುಂಬಿಯಲ್ಲಿ ಮಾವುಲಿ ಗುಡಿಯ ಹತ್ತಿರ ಗಾಡಿ ನಿಲ್ಲಿಸಿ ಚಹಾ ಕುಡಿಯಲೇಬೇಕು. ಮಲಪ್ರಭೆ ಹುಟ್ಟುವುದು ಇಲ್ಲೇ. ಇಲ್ಲಿಂದ ಪೂರ್ವಕ್ಕೆ ಹರಿದು, ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತಾಳೆ. ಇದೇ ಖಾನಾಪುರ ತಾಲೂಕಿನ ಕಾಡಿನಲ್ಲೇ ಮಹದಾಯಿಯೂ ಹುಟ್ಟುತ್ತಾಳೆ. ಅವಳದು ಪಶ್ಚಿಮದ ದಾರಿ. ಕಣಕುಂಬಿಯ ಕಳಸಾ ಹಳ್ಳ ಸೇರುವುದೂ ಅವಳನ್ನೇ. ಗೋವಾಕ್ಕೆ ಇಳಿದು, ಮಾಂಡವಿ ಅಂತ ಹೆಸರು ಪಡೆದು, ದಿವಾರ್ ದ್ವೀಪವನ್ನು ಎರಡು ಕೈಯಲ್ಲಿ ಬಳಸಿಕೊಂಡು ಸಮುದ್ರ ಸೇರುತ್ತಾಳೆ.

ನಮ್ಮ ಕಡೆ ಮಹದಾಯಿ ಅಂದರೆ ಮೊದಲು ನೆನಪಾಗುವುದು ಜಗಳ. ಬಂದ್, ರಸ್ತೆ ತಡೆ, ಕೋರ್ಟು. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ನೀರು ಅಂತ ತೀರ್ಪು ಕೊಟ್ಟಿತು. ಜಗಳ ಅಷ್ಟಕ್ಕೇ ಮುಗಿಯಲಿಲ್ಲ. ನಾನು ಈ ವಿಷಯದಲ್ಲಿ ಬಾಯಿ ಬಿಡುವುದು ಕಡಿಮೆ. ಕುಡಿಯುವ ನೀರಿಗೆ ಕೊಡ ಹಿಡಿದು ನಿಂತ ನವಲಗುಂದದ ಹೆಣ್ಣುಮಕ್ಕಳ ಫೋಟೊ ನಾನೇ ತೆಗೆದಿದ್ದೇನೆ. ಅದೇ ನದಿಯ ಕೊನೆಯಲ್ಲಿ ಉಪ್ಪುನೀರು ತಡೆಯಲು ಹೆಣಗುವ ದಿವಾರ್‌ನ ಜನರನ್ನೂ ತೆಗೆದಿದ್ದೇನೆ. ಎರಡೂ ಕಡೆ ನನ್ನವರಿದ್ದಾರೆ.

ಚೋರ್ಲಾ ಇಳಿಯುವಾಗ ಮಂಜು. ಒಂದು ತಿರುವಿನಲ್ಲಿ ಅಂಜುಣೆ ಡ್ಯಾಮಿನ ನೀರು ಕ್ಷಣ ಹೊತ್ತು ಕಂಡು ಮರೆಯಾಯಿತು. ಕೇರಿ, ಸಾಂಖಳಿ, ಡಿಚೋಲಿ. ಊರೂರಿಗೆ ರಸ್ತೆ ಬದಿಯಲ್ಲಿ ದೀಪಾವಳಿಗೆ ಸುಟ್ಟ ನರಕಾಸುರನ ಬೊಂಬೆಯ ತಂತಿ, ಬಿದಿರು ಬಿದ್ದಿತ್ತು. ಹೆಚ್ಚಿನವರು ಹಳೇ ಗೋವಾದ ಕಡೆಯಿಂದ ದಿವಾರ್‌ಗೆ ದಾಟುತ್ತಾರೆ. ನಾನು ಬೆಳಗಾವಿಯಿಂದ ಹೋಗುವಾಗ ನಾರ್ವೆ ಅನ್ನುವ ಊರಿನ ಫೆರಿ ಹಿಡಿಯುತ್ತೇನೆ. ಕಾರಣ ಸಪ್ತಕೋಟೇಶ್ವರ.

ಸಪ್ತಕೋಟೇಶ್ವರ ಗೋವಾ ಕದಂಬರ ಮನೆದೇವರು. ಅದೇ ಕದಂಬರು ನಮ್ಮ ಖಾನಾಪುರದ ಹಲಸಿಯಿಂದಲೂ ಆಳಿದವರು. ಹಲಸಿಯ ಭೂವರಾಹ ನರಸಿಂಹ ಗುಡಿ ಅವರ ಕಾಲದ್ದೇ. ಸಪ್ತಕೋಟೇಶ್ವರನ ಮೂಲ ಗುಡಿ ಇದ್ದದ್ದು ದಿವಾರ್ ದ್ವೀಪದಲ್ಲಿ. 16ನೇ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ಕೆಡವಿದಾಗ ಭಕ್ತರು ಲಿಂಗವನ್ನು ನದಿ ದಾಟಿಸಿ ಈ ದಂಡೆಗೆ ತಂದರು. 1668ರಲ್ಲಿ ಶಿವಾಜಿ ಮಹಾರಾಜರು ಇಲ್ಲಿ ಗುಡಿ ಕಟ್ಟಿಸಿಕೊಟ್ಟರು. ಈಚೆಗೆ, 2023ರಲ್ಲಿ, ಜೀರ್ಣೋದ್ಧಾರ ಆಗಿ ಹೊಸ ಸುಣ್ಣದಲ್ಲಿ ಬೆಳಗುತ್ತಿದೆ. ಮಗಳು ಮೊದಲ ಸಲ ನೋಡಿದ್ದು. ದೀಪಸ್ತಂಭದ ಕೆಳಗೆ ನಿಂತು, "ದೇವರೂ ಫೆರಿ ದಾಟಿ ಬಂದಾನ ಅಂದಂಗಾತು" ಅಂದಳು. ಆ ಮಾತು ನನಗೆ ಬಹಳ ಹಿಡಿಸಿತು.

ಫೆರಿಯಲ್ಲಿ ನಮ್ಮದೊಂದು ಕಾರು, ನಾಲ್ಕು ಸ್ಕೂಟರು, ಬುಟ್ಟಿ ಹಿಡಿದ ಇಬ್ಬರು ಹೆಂಗಸರು. ನಡುವೆ ನಿಂತೆ. ಸರಪಳಿ ಸದ್ದಾಯಿತು. ಹಲಗೆ ಇಳಿಯಿತು. ತೆಗೆದೆ.

ಆಂಟಿಯ ಮನೆ ಪಿಯಾದಾದಲ್ಲಿ, ಗುಡ್ಡದ ಬುಡದಲ್ಲಿ. ಕೆಳಗೆ ಕಿರಾಣಿ ಅಂಗಡಿ, ಮೇಲೆ ಒಂದು ಕೋಣೆ. 1996ರಿಂದ ನಾನು ಉಳಿಯುವುದು ಅದೇ ಕೋಣೆಯಲ್ಲಿ. "ಆಯ್ಲೊ ರೇ ಬೆಳಗಾಂವ್ಕಾರ್" ಅಂತ ಬಾಗಿಲಿಗೇ ಬಂದರು. ಅವರು ಕೊಂಕಣಿ, ನಾನು ಮರಾಠಿ ಬೆರೆಸಿದ ಕೊಂಕಣಿ. ಬೆಳಗಾವಿಯವರಿಗೆ ಇದೇನು ಕಷ್ಟವಲ್ಲ. ಅಂಗಡಿ ಮುಂದೆ ಕೋಬೀಜು, ಹೂಕೋಸು, ಮೆಣಸಿನಕಾಯಿ ಬುಟ್ಟಿಗಳಿದ್ದವು. ಎಲ್ಲಾ ನಮ್ಮೂರಿನದು. ಗೋವಾದ ಅಡುಗೆಮನೆಗೆ ತರಕಾರಿ ಹೋಗುವುದು ಹೆಚ್ಚಾಗಿ ಬೆಳಗಾವಿಯಿಂದಲೇ. ರಾತ್ರಿ ಮಾರ್ಕೆಟ್ಟಿನಲ್ಲಿ ತುಂಬಿದ ಗಾಡಿ ಬೆಳಗಾಗುವುದರೊಳಗೆ ಘಾಟಿ ಇಳಿದಿರುತ್ತದೆ.

ಎರಡನೇ ದಿನ

ಬೆಳಿಗ್ಗೆ ಎಚ್ಚರವಾಗಿದ್ದು ಪೋದೇರನ ಹಾರ್ನಿಗೆ. ಸೈಕಲ್ಲಿನ ಹಿಂದೆ ಬುಟ್ಟಿ ಕಟ್ಟಿಕೊಂಡು ಬಿಸಿ ಬ್ರೆಡ್ ಮಾರುವವರು ಇಲ್ಲಿ ಪೋದೇರರು. ತೌಡು ಸವರಿದ ಪೊಯ್ ಅಂದರೆ ಮಗಳಿಗೆ ಪ್ರಾಣ. ಅದರ ಹೊಟ್ಟೆ ಸೀಳಿ ನಮ್ಮ ಶೇಂಗಾ ಹಿಂಡಿ ಮತ್ತು ಮೊಸರು ತುಂಬಿ ತಿಂದೆವು. ಒಮ್ಮೆ ತಿಂದು ನೋಡಿ.

ಆಮೇಲೆ ಗಂಟು ಬಿಚ್ಚಿದೆ.

ಮೊದಲು ಆಂಟಿಯ ಮುಂದೆಯೇ ಹರವಿದೆ, ಯಾರು ಯಾರು ಅಂತ ಗುರುತು ಹೇಳಲಿ ಅಂತ. ಅವರು ಕನ್ನಡಕ ಹಾಕಿಕೊಂಡು, ಅಕ್ಕಿ ಆರಿಸುವ ಹಾಗೆ ಒಂದೊಂದೇ ಎತ್ತಿ ನೋಡಿದರು. ಇವನು ಇಂಥವನ ಮಗ. ಇವಳು ಮಾಲಾರಿಗೆ ಮದುವೆಯಾಗಿ ಹೋದಳು. ಇವನು ಹಡಗಿನ ಕೆಲಸಕ್ಕೆ ಹೋದವನು ಲಿಸ್ಬನ್‌ನಲ್ಲೇ ಉಳಿದ. ಈ ಅಜ್ಜ ಹೋಗಿಬಿಟ್ಟ. ಮಗಳು ಪ್ರತಿ ಫೋಟೊದ ಹಿಂದೆ ಪೆನ್ಸಿಲಿನಲ್ಲಿ ಮನೆ ಗುರುತು ಬರೆದುಕೊಂಡಳು.

ಅಂಥ ಒಂದು ಫೋಟೊ 1997ರದ್ದು. ಕಪ್ಪು ಬಿಳುಪು. ಕೊಯ್ಲಾದ ಗದ್ದೆ, ಇಬ್ಬರು ಗಂಡಸರು ಭತ್ತದ ಹೊರೆ ತಲೆ ಮೇಲಿಟ್ಟುಕೊಂಡು ಒಡ್ಡಿನ ಮೇಲೆ ಬರುತ್ತಿದ್ದಾರೆ. ಮುಂದಿರುವವರು ಆಂಟಿಯ ಗಂಡ. ತೀರಿಕೊಂಡು ಹದಿನಾಲ್ಕು ವರ್ಷವಾಯಿತು. ಇದನ್ನು ಕೊಡುವಾಗ ನನ್ನ ಕೈ ಸ್ವಲ್ಪ ಅಳುಕಿತು.

ಅವರು ಬಹಳ ಹೊತ್ತು ನೋಡಿದರು. ಆದರೆ ಬೆರಳು ಹೋಗಿದ್ದು ಗಂಡನ ಮುಖದ ಮೇಲಲ್ಲ. ಹಿಂದೆ, ಫೋಟೊದ ಎಡ ಮೂಲೆಗೆ. ಅಲ್ಲಿ ಬೂದು ಬಣ್ಣದಲ್ಲಿ ಗದ್ದೆ ಹರಡಿಕೊಂಡಿದೆ. "ಇದು ನಮ್ಮದು" ಅಂದರು. "ನೋಡು, ಎಷ್ಟು ಸಮ ಇತ್ತು. ಈಗ ಇಲ್ಲಿ ನೀರು."

ನಾನು ಆ ಫೋಟೊವನ್ನು ಇಪ್ಪತ್ತು ಸಲವಾದರೂ ನೋಡಿದ್ದೇನೆ. ಸ್ಕ್ಯಾನ್ ಆದ ಮೇಲೆ ಧೂಳಿನ ಚುಕ್ಕೆ ತೆಗೆಯಲು ಇಂಚಿಂಚೂ ಹಿಗ್ಗಿಸಿ ನೋಡಿದ್ದೇನೆ. ಹೊರೆಯ ಭಾರಕ್ಕೆ ಕತ್ತಿನ ನರ ಹುರಿಗಟ್ಟಿದ್ದು ನೋಡಿದ್ದೆ. ಕಾಲಿನ ಕೆಸರು ನೋಡಿದ್ದೆ. ಆ ಗದ್ದೆ ನನಗೆ ಬರೀ ಹಿನ್ನೆಲೆ. ಅದನ್ನು ಮಸುಕು ಮಾಡಬೇಕು ಅಂತಲೇ ಲೆನ್ಸ್ ಪೂರ್ತಿ ತೆರೆದು ತೆಗೆದಿದ್ದೆ.

ಅಂದು ಪೂರ್ತಿ ಮನೆ ಮನೆ ಸುತ್ತಿದೆವು. ಎಲ್ಲಾ ಕಡೆ ಇದೇ ನಡೆಯಿತು. ಮುಖ ಗುರುತು ಹಿಡಿದು ನಕ್ಕರು, ಕೆಲವರು ಕಣ್ಣೊರೆಸಿಕೊಂಡರು. ಆದರೆ ಮಾತು ನಿಲ್ಲುತ್ತಿದ್ದದ್ದು ಹಿಂದಿನ ವಸ್ತುಗಳ ಮೇಲೆ. "ಈ ಬಾವಿ ಮುಚ್ಚಿದರು." "ಈ ಹಲಸಿನ ಮರ ಬಿದ್ದು ಎಷ್ಟು ಕಾಲವಾಯಿತು." ಬಲೆ ಹೊಲಿಯುವ ಅಜ್ಜನ ಮೊಮ್ಮಗ, ಅಜ್ಜನ ಹಿಂದೆ ನದಿಯಲ್ಲಿದ್ದ ಬಾರ್ಜನ್ನು ತೋರಿಸಿ ಅದರ ಹೆಸರು ಓದಲು ನೋಡಿದ. ತೊಂಬತ್ತರ ದಶಕದಲ್ಲಿ ಮಾಂಡವಿ ತುಂಬಾ ಕಬ್ಬಿಣದ ಅದಿರಿನ ಬಾರ್ಜುಗಳು. 2012ರಲ್ಲಿ ಗಣಿ ನಿಂತಾಗ ಅವೂ ನಿಂತವು. ಅವುಗಳ ಅಲೆ ಬಡಿದು ಬಡಿದೇ ಒಡ್ಡು ಸಡಿಲವಾಯಿತು ಅಂತ ಇಲ್ಲಿನ ರೈತರು ಹೇಳುತ್ತಾರೆ.

ಬೊಂದೆರಾಮ್ ಹಬ್ಬದ ಫೋಟೊ ಒಂದೇ ಇತ್ತು. ಆಗಸ್ಟ್‌ನ ನಾಲ್ಕನೇ ಶನಿವಾರ ದಿವಾರ್‌ನಲ್ಲಿ ನಡೆಯುವ ಬಾವುಟದ ಹಬ್ಬ ಅದು. ಹಿಂದೆ ಕೇರಿಗಳ ನಡುವೆ ಗಡಿಯ ಜಗಳ ಬಂದಾಗ ಬಾವುಟ ನೆಟ್ಟು ಗುರುತು ಮಾಡುತ್ತಿದ್ದರಂತೆ, ಎದುರಿನವರು ಬಂದು ಬೀಳಿಸುತ್ತಿದ್ದರಂತೆ. ಈಗ ಹುಡುಗರು ಬಿದಿರಿನ ಕೊಳವೆಯಲ್ಲಿ ಕಾಯಿ ತುಂಬಿ ಹೊಡೆದುಕೊಳ್ಳುತ್ತಾರೆ, ಅದರ ಹೆಸರು ಫೊಟಾಶ್. 1998ರಲ್ಲಿ ಎರಡು ರೋಲು ತೆಗೆದಿದ್ದೆ. ನಮ್ಮೂರಿನ ಒಂದು ಲ್ಯಾಬಿನಲ್ಲಿ ಮಷಿನ್ ಅರ್ಧಕ್ಕೆ ನಿಂತು ಹೆಚ್ಚಿನವು ಕಲೆಯಾಗಿ ಹೋದವು. ಉಳಿದ ಒಂದರಲ್ಲಿ ಏಳೆಂಟು ವರ್ಷದ ಹುಡುಗ ಫೊಟಾಶ್ ಗುರಿ ಹಿಡಿದು ನನ್ನ ಲೆನ್ಸಿಗೇ ಹೊಡೆಯುತ್ತಿದ್ದಾನೆ. ಆ ಹುಡುಗನ ಮನೆಗೆ ಹೋದರೆ ಬೀಗ. ಎಲ್ಲರೂ ಹೊರದೇಶದಲ್ಲಿ. ಪಕ್ಕದ ಮನೆಯವರು ಮೊಬೈಲಿನಲ್ಲಿ ಅದರ ಫೋಟೊ ತೆಗೆದು ಕಳಿಸಿದರು. ಕಾಂಪೌಂಡಿನ ಗೋಡೆಯ ಮೇಲೆ ಕೂತಿದ್ದೆವು, ಐದು ನಿಮಿಷಕ್ಕೇ ಫೋನು ಬಂತು. ಆ ಕಡೆ ಒಬ್ಬ ದೊಡ್ಡ ಗಂಡಸಿನ ದನಿ. "ನಿಮಗೆ ಪೆಟ್ಟಾಗಿತ್ತಾ?" ಅಂತ ಕೇಳಿದ. ಇಷ್ಟು ವರ್ಷದ ಮೇಲೆ. ಇಲ್ಲಪ್ಪಾ, ಫಿಲ್ಟರಿಗೆ ತಾಗಿತ್ತು ಅಷ್ಟೇ ಅಂದೆ.

ಸಂಜೆ ಗುಡ್ಡ ಹತ್ತಿದೆವು. ಬಿಳಿ ಚರ್ಚಿನ ಫೋಟೊ ಹೇಗೆ ತೆಗೆಯಬೇಕು ಅಂತ ಮಾಸ್ತರರು ಇಲ್ಲೇ ಕಲಿಸಿದ್ದು. ಮೀಟರ್ ಹೇಳಿದ್ದನ್ನು ನಂಬಿದರೆ ಬಿಳಿ ಗೋಡೆ ಬೂದಿ ಬಣ್ಣ ಆಗುತ್ತದೆ. ಅದರ ಮೇಲೆ ಒಂದೂವರೆ ಸ್ಟಾಪ್ ಜಾಸ್ತಿ ಬೆಳಕು ಕೊಡಬೇಕು. ಮಗಳಿಗೂ ಅದನ್ನೇ ಹೇಳಿಕೊಟ್ಟೆ. ಪಕ್ಕದ ಸ್ಮಶಾನದಲ್ಲಿ ಒಂದು ಪುಟ್ಟ ಪ್ರಾರ್ಥನೆಯ ಕೋಣೆ ಇದೆ. ತಲೆ ಎತ್ತಿ ನೋಡಿದರೆ ಕದಂಬರ ಕಾಲದ ಗುಡಿಯ ಕಲ್ಲಿನ ಛಾವಣಿ. ಹಲಸಿ ನೋಡಿದ ಕಣ್ಣಿಗೆ ಅದು ನೆಂಟರ ಮನೆಯ ಹಾಗೆ ಕಾಣುತ್ತದೆ.

ಕೆಳಗೆ ಬಂದಾಗ ಆಂಟಿ ಕುಚ್ಚಲಕ್ಕಿ ಅನ್ನ, ಮೀನಿನ ಸಾರು ಬಡಿಸಿದರು. ಊಟದ ನಡುವೆ ಒಂದು ಮಾತು ಕೇಳಿದರು. ಆ ಗದ್ದೆ ಇರುವ ಫೋಟೊ ದೊಡ್ಡದು ಮಾಡಿಸಿ ಕೊಡುತ್ತೀಯಾ? ಕೊಡುತ್ತೇನೆ ಅಂದೆ. ಮತ್ತೆ ಸ್ವಲ್ಪ ಹೊತ್ತು ಬಿಟ್ಟು: ಅದೇ ಜಾಗದ ಈಗಿನದೂ ಒಂದು ತೆಗೆದುಕೊಡು. ಎರಡೂ ಪಕ್ಕಪಕ್ಕ ಹಾಕುತ್ತೇನೆ. ನನ್ನ ಮೊಮ್ಮಕ್ಕಳು ಬಂದಾಗ ಇಲ್ಲಿ ಗದ್ದೆ ಇತ್ತು ಅಂದರೆ ನಂಬುವುದಿಲ್ಲ.

ಮೂರನೇ ದಿನ

ಆ ಜಾಗ ಹುಡುಕುವುದು ಸುಲಭ ಇರಲಿಲ್ಲ. 1997ರಲ್ಲಿ ಎಲ್ಲಿ ನಿಂತಿದ್ದೆ ಅಂತ ನೆನಪಿಲ್ಲ. ಆಂಟಿಯ ಮೊಣಕಾಲು ನೋವು, ಅಷ್ಟು ದೂರ ಬರಲಾರರು. ನೆರವಾಗಿದ್ದು ಹುನಗುಂದ ಕಡೆಯ ಒಬ್ಬ ಗೌಂಡಿ. ಆಂಟಿಯ ಹಿತ್ತಲ ಗೋಡೆ ಕಟ್ಟುತ್ತಿದ್ದ. ನಾವು ಕನ್ನಡ ಮಾತಾಡುವುದು ಕೇಳಿ ಕರಣಿ ಕೆಳಗಿಟ್ಟು ಬಂದ. "ಬೆಳಗಾಂವಿ ಮಂದಿ ಏನ್ರಿ ಅಣ್ಣಾರ?" ಗೋವಾಕ್ಕೆ ಬಂದು ಹನ್ನೆರಡು ವರ್ಷವಂತೆ. ಎರಡು ವರ್ಷದ ಹಿಂದೆ ಒಡ್ಡು ಒಡೆದಾಗ ಕಲ್ಲು ಹೊತ್ತು ರಿಪೇರಿ ಮಾಡಿದ ಆಳುಗಳಲ್ಲಿ ಇವನೂ ಒಬ್ಬ. ಫೋಟೊ ನೋಡಿದವನೇ, ಇಬ್ಬರು ಗಂಡಸರ ಹಿಂದೆ ಕಾಣುವ ಎರಡು ಕಲ್ಲಿನ ಕಂಬದ ಮೇಲೆ ಬೆರಳಿಟ್ಟ. "ಇದು ತೂಬ್ರಿ. ಇದರ ಕಲ್ಲ ಇನ್ನೂ ನಿಂತಾವ. ಬರ್ರಿ, ತೋರಸ್ತೀನಿ."

ದಾರಿಯಲ್ಲಿ ಅವನು ಒಡ್ಡಿನ ಕೆಲಸ ಹೇಳುತ್ತಾ ಹೋದ. ದಿವಾರ್‌ನ ಈ ತಗ್ಗಿನ ಗದ್ದೆಗಳನ್ನು ಖಾಜನ್ ಅನ್ನುತ್ತಾರೆ. ಸಮುದ್ರದಿಂದ ನದಿಗೆ ಏರಿ ಬರುವ ಭರತದ ನೀರು ಉಪ್ಪು. ಅದು ಒಳಗೆ ಬಾರದ ಹಾಗೆ ಜಂಬಿಟ್ಟಿಗೆ ಕಲ್ಲು, ಜೇಡಿಮಣ್ಣು, ಹುಲ್ಲು ಹಾಕಿ ಒಡ್ಡು ಕಟ್ಟುತ್ತಾರೆ. ನಡುವೆ ತೂಬು, ಕೊಂಕಣಿಯಲ್ಲಿ ಮಾನಸ್. ತೂಬಿನ ಮರದ ಬಾಗಿಲಿನ ಜಾಣತನ ನೋಡಬೇಕು. ಭರತ ಬಂದಾಗ ಹೊರಗಿನ ನೀರು ಒತ್ತಿ ಬಾಗಿಲು ತಾನೇ ಮುಚ್ಚುತ್ತದೆ. ಇಳಿತದಲ್ಲಿ ಒಳಗಿನ ಮಳೆನೀರು ಒತ್ತಿ ತಾನೇ ತೆರೆಯುತ್ತದೆ. ಆಳು ಬೇಡ, ಕರೆಂಟು ಬೇಡ. ಆದರೆ ಏಡಿ ಒಂದು ಬಿಲ ತೋಡಿದರೆ ಸಾಕು. ಅದನ್ನು ಅಂದೇ ಕೆಸರು ಮೆತ್ತಿ ಮುಚ್ಚಬೇಕು. ಮುಚ್ಚುವ ಕೈಗಳು ಊರು ಬಿಟ್ಟು ಹೋದರೆ ಬಿಲ ದೊಡ್ಡದಾಗುತ್ತದೆ, ಒಡ್ಡು ಕುಸಿಯುತ್ತದೆ, ಗದ್ದೆಗೆ ಉಪ್ಪು ಹತ್ತುತ್ತದೆ. ಆಮೇಲೆ ಕಾಂಡ್ಲಾ ಗಿಡ ಬಂದು ಕೂರುತ್ತದೆ.

"ನಮ್ಮೂರಾಗ ಹೊಲಕ್ಕ ನೀರ ಬರ್ಲಿ ಅಂತ ಬಡದಾಡ್ತೀವಿ. ಇಲ್ಲಿ ನೀರ ಬರಬಾರದಂತ ಬಡದಾಡ್ತಾರ" ಅಂದ. ಅವನ ಊರಿನಿಂದ ಕೂಡಲಸಂಗಮ ಹತ್ತಿರವಂತೆ. ಮೊನ್ನೆ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುವಲ್ಲಿ ಚಹಾ ಕುಡಿದು ಬಂದೆವು ಅಂದಾಗ ಅವನ ಮುಖ ಅರಳಿತು. "ನಮ್ಮವ್ವನ ತವರಮನಿಗೆ ಹೋಗಿ ಬಂದ್ರಿ" ಅಂದ.

ತೂಬಿನ ಕಲ್ಲು ಸಿಕ್ಕಿತು. ಆದರೆ ನೀರು ಕಂಬದ ಅರ್ಧಕ್ಕಿತ್ತು. ಫೋಟೊದಲ್ಲಿ ಬುಡ ಪೂರ್ತಿ ಕಾಣುತ್ತದೆ, ಅಂದರೆ ಅಂದು ಇಳಿತದ ಹೊತ್ತು. ಭರತ ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನಿನ್ನೆ ಬೆಳಿಗ್ಗೆ ಫೆರಿ ದಕ್ಕೆಯ ಕೆಸರು ಒಂಬತ್ತರ ಸುಮಾರಿಗೆ ಕಂಡಿತ್ತು. ಹಾಗಾದರೆ ಇಂದು ಹತ್ತರ ಹತ್ತಿರ. ಕಾದೆವು. ಗೌಂಡಿ ಕೆಲಸಕ್ಕೆ ವಾಪಸ್ ಹೋದ.

ನೀರು ಇಳಿಯುವುದನ್ನು ನೋಡುತ್ತಾ ಕೂರುವುದು ನನಗೆ ಯಾವತ್ತೂ ಬೇಸರವಿಲ್ಲ. ಮೊದಲು ಕಲ್ಲಿನ ಮೇಲೆ ಒಂದು ಒದ್ದೆ ಗೆರೆ ಬಿಡುತ್ತದೆ. ಆಮೇಲೆ ಕಂಬಕ್ಕೆ ಅಂಟಿದ ಚಿಪ್ಪುಗಳು ಕಾಣುತ್ತವೆ. ಕೆಸರು ಮೇಲೆದ್ದ ಕೂಡಲೇ ಅದರ ಮೇಲೆ ಬೆರಳುದ್ದದ ಮೀನುಗಳು ರೆಕ್ಕೆಯೂರಿ ಕುಪ್ಪಳಿಸುತ್ತವೆ. ತೂಬಿನ ಬಾಯಲ್ಲಿ ಬೆಳ್ಳಕ್ಕಿ ಕಾದು ನಿಲ್ಲುತ್ತದೆ, ಹೊರಬರುವ ಸಿಗಡಿಗೆ.

ಮಗಳು ಹಳೆ ಪ್ರಿಂಟನ್ನು ತೋಳುದ್ದ ಚಾಚಿ ಹಿಡಿದಳು. ಚರ್ಚಿನ ಗೋಪುರ ಎಡಗಡೆಯ ಕಂಬದ ನೆತ್ತಿಗೆ ಸರಿಯಾಗಿ ಬರಬೇಕು. "ಹಿಂದ ಸರಿ ಅಪ್ಪಾ. ಇನ್ನೊಂದೀಟು. ಕುಂಡ್ರು." ಕೂತೆ. ಅಂದು ನಾನು ಕೂತು ತೆಗೆದಿದ್ದೆ, ಮರೆತೇ ಹೋಗಿತ್ತು. ಕೂತ ಕೂಡಲೇ ಕಂಬ, ಗೋಪುರ, ಒಡ್ಡಿನ ಗೆರೆ ಎಲ್ಲಾ ತಂತಮ್ಮ ಜಾಗಕ್ಕೆ ಬಂದವು. ಮೈ ಜುಮ್ಮೆಂದಿತು. ಗದ್ದೆ ಇದ್ದ ಕಡೆ ಮಾತ್ರ ನೀರು, ಅದರ ನಡುವೆ ಆಳೆತ್ತರದ ಕಾಂಡ್ಲಾ.

ಈ ಸಲ ಲೆನ್ಸ್ ಎಫ್/11ಕ್ಕೆ ಮುಚ್ಚಿದೆ. ಮುಂದಿನ ಹುಲ್ಲಿನಿಂದ ಹಿಡಿದು ಕೊನೆಯ ಗಿಡದವರೆಗೆ ಎಲ್ಲಾ ಚುರುಕಾಗಿ ಬರಲಿ ಅಂತ. ಹನ್ನೆರಡು ಫ್ರೇಮ್ ತೆಗೆದೆ. ಕಾಂಡ್ಲಾ ಕೆಟ್ಟ ಗಿಡವಲ್ಲ. ಪಕ್ಕದ ಚೊರಾವ್ ದ್ವೀಪದಲ್ಲಿ ಅದೇ ಕಾಡಿನೊಳಗೆ ಸಲೀಂ ಅಲಿ ಪಕ್ಷಿಧಾಮ ಇದೆ, ಅಲ್ಲಿ ನಾನು ಎಷ್ಟು ಬೆಳಗು ಮಿಂಚುಳ್ಳಿಗೆ ಕಾದಿದ್ದೇನೋ. ಆದರೆ ಒಬ್ಬರ ಅನ್ನದ ತಟ್ಟೆಯಲ್ಲಿ ಬೆಳೆದ ಗಿಡವನ್ನು ಅದೇ ಸಂತೋಷದಲ್ಲಿ ನೋಡಲು ನನಗೆ ಆಗಲಿಲ್ಲ.

ಮಧ್ಯಾಹ್ನ ಮಳೆ ಹಿಡಿಯಿತು. ಉಳಿದ ಆರು ಫೋಟೊ ಕೊಡೆ ಹಿಡಿದೇ ಹಂಚಿದೆವು.

ನಾಲ್ಕನೇ ದಿನ

ಬೆಳಿಗ್ಗೆಯೇ ಹೊರಟೆವು. ಆಂಟಿ ಕುಂದಾ ಡಬ್ಬಿಯಲ್ಲಿ ಕೋಕಂ ತುಂಬಿ ಕೊಟ್ಟರು. ಖಾಲಿ ಡಬ್ಬಿ ಎಂದೂ ವಾಪಸ್ ಬಂದಿಲ್ಲ. ದೊಡ್ಡ ಪ್ರಿಂಟ್ ಹೇಗೆ ಕಳಿಸಲಿ ಅಂದರೆ, ಪೋಸ್ಟ್ ಬೇಡ, ಮಡಚಿಬಿಡುತ್ತಾರೆ, ನಮ್ಮ ತರಕಾರಿ ಗಾಡಿಯವನ ಕೈಗೆ ಕೊಡು ಅಂದರು.

ವಾಪಸ್ ಬರುವಾಗ ಹಳೇ ಗೋವಾದ ಕಡೆ ದಾಟಿದೆವು. ಫೆರಿಯ ಮೇಲೆ ಮಗಳು ಕ್ಯಾಮೆರಾ ಕೇಳಿದಳು. ನಡುವೆ ಹೋಗಿ ನಿಂತಳು. ನಾನು ಯಾವತ್ತೂ ದ್ವೀಪಕ್ಕೆ ಹೋಗುವಾಗಿನ ಹಲಗೆಯನ್ನೇ ತೆಗೆದವನು. ಅವಳು ಬಿಟ್ಟು ಬರುವಾಗಿನದು ತೆಗೆದಳು.

ಒಂದು ವಾರದ ಮೇಲೆ

1997ರ ಫೋಟೊ 12×18ಕ್ಕೆ ದೊಡ್ಡದು ಮಾಡಿದೆ. ಹಿನ್ನೆಲೆಯ ಗದ್ದೆ ಮಸುಕೇ. ಏನು ಮಾಡಿದರೂ ಅದು ಇನ್ನು ಚುರುಕಾಗುವುದಿಲ್ಲ. ಆದಷ್ಟು ಕಾಂಟ್ರಾಸ್ಟ್ ಏರಿಸಿ ಬದುಗಳ ಗೆರೆ ಕಾಣುವ ಹಾಗೆ ಮಾಡಿದೆ. ಈಗಿನ ಫೋಟೊದ ಪ್ರಿಂಟು ಮಾತ್ರ ನನಗೆ ಸಮಾಧಾನ ಕೊಡಲಿಲ್ಲ, ನೀರಿನ ಬಣ್ಣ ಸರಿ ಬಂದಿರಲಿಲ್ಲ. ಮೊದಲು ಹಳೆಯದನ್ನೇ ಫ್ರೇಮ್ ಹಾಕಿಸಿ ಕಳಿಸೋಣ, ಇನ್ನೊಂದು ಮತ್ತೆ ಪ್ರಿಂಟ್ ಹಾಕಿ ಆಮೇಲೆ ಅಂದುಕೊಂಡೆ.

ರಾತ್ರಿ ಹತ್ತಕ್ಕೆ ಮಾರ್ಕೆಟ್ಟಿಗೆ ಹೋದೆ. ಗೋವಾ ಗಾಡಿಗಳು ಸಾಲಾಗಿ ನಿಂತು ತುಂಬಿಕೊಳ್ಳುತ್ತಿದ್ದವು. ಕೊತ್ತಂಬರಿಯ ಹಸಿ ವಾಸನೆ, ಹಮಾಲರ ಕೂಗು. ಆಂಟಿ ಹೇಳಿದ ಡ್ರೈವರ್ ಸಿಕ್ಕಿದ. ಎರಡು ರಟ್ಟಿನ ನಡುವೆ ಸುತ್ತಿದ್ದ ಫ್ರೇಮನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. "ದೇವರ ಫೋಟೊ ಏನ್ರಿ?" ಅಂದ. ಹೊಲದ್ದು ಅಂದೆ. ಕೋಬೀಜಿನ ಚೀಲದ ಹತ್ತಿರ ಇಡಲಿಲ್ಲ. ಕ್ಯಾಬಿನ್ನಿನಲ್ಲಿ ತನ್ನ ಸೀಟಿನ ಹಿಂದೆ, ಕಂಬಳಿ ಹೊದಿಸಿ ನಿಲ್ಲಿಸಿದ.

ಮರುದಿನ ಮಧ್ಯಾಹ್ನ ಆಂಟಿಯ ಪಕ್ಕದ ಮನೆಯ ಹುಡುಗ ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದ. ಅಂಗಡಿಯ ಗೋಡೆ. ಟ್ಯೂಬ್‌ಲೈಟು ಗಾಜಿಗೆ ಬಿದ್ದು ಇಬ್ಬರು ಗಂಡಸರ ಮುಖ ಸರಿಯಾಗಿ ಕಾಣುತ್ತಿಲ್ಲ. ಎಡ ಮೂಲೆಯ ಗದ್ದೆ ಮಾತ್ರ ಚೆನ್ನಾಗಿ ಕಾಣುತ್ತಿದೆ. ಫ್ರೇಮಿನ ಬಲಕ್ಕೆ, ಅದೇ ಎತ್ತರದಲ್ಲಿ, ಹೊಸದಾಗಿ ಹೊಡೆದ ಇನ್ನೊಂದು ಮೊಳೆ ಖಾಲಿ ಇದೆ.